ಅರ್ಧ ನೆಲಕ್ಕೆ ಮೇಣ

ನಾಳೆ ಹಲಗೆ ಕೀಳುತ್ತಾರೆ. ಆಂಡರ್ಸನ್‌ಪೇಟೆಯ ಮರದ ಮಂಡಿಯವನು
ಚದರಕ್ಕಿಷ್ಟು ಅಂತ ಅಡ್ವಾನ್ಸ್ ಕೊಟ್ಟು ಹೋಗಿದ್ದಾನೆ.
ಬರ್ಮಾ ತೇಗ. ಇಲ್ಲಿಗೆ ಟೈಲ್ಸ್ ಬರುತ್ತಂತೆ, ಆಮೇಲೆ ಮದುವೆಗಳು.

ಡಲ್ಸಿ ಮೇಡಂ ಹೇಳಿ ಕಳಿಸಿದರು:
ಚೌಡಪ್ಪನ ಮಗನೇ, ಕೊನೇ ಸಲ ಮೇಣ ಹಾಕು.
ಅಪ್ಪನ ಡಬ್ಬ ಅಟ್ಟದಲ್ಲಿತ್ತು.
ಜೇನುಮೇಣ, ಟರ್ಪೆಂಟೈನ್, ಒಂದು ಉಲ್ಲನ್ ಬಟ್ಟೆ,
ಅಪ್ಪನ ಮೊಣಕಾಲಿನ ಹಾಗೆ ಗಂಟುಗಟ್ಟಿದ್ದು.

ಸಿಸ್ಟರ್ ಲೂಪೆ ಬಾಗಿಲಲ್ಲೇ ಚಪ್ಪಲಿ ಬಿಟ್ಟರು.
ಸಮೋವಾದವರು. ಚಾಂಪಿಯನ್ ರೀಫಿನ ಆಸ್ಪತ್ರೆಯಲ್ಲಿ
ಗಣಿಯ ಮುದುಕರ ಕೀಲು ತಿರುವಿ ನಡೆಸುವವರು;
ಕನ್ನಡವನ್ನೂ ಅವರಿಂದಲೇ ಕಲಿತದ್ದು, ಅರ್ಧ ತಮಿಳಿನ ಕನ್ನಡ.
ಹೆಬ್ಬೆರಳಲ್ಲಿ ಹಲಗೆ ಒತ್ತಿ ನೋಡಿ,
"ಬೇಡಪ್ಪ, ಜಾರೋ ನೆಲದ ಮೇಲೆ ನಮ್ಮ ಕುಣಿತ ನಿಲ್ಲಲ್ಲ."
"ಜಾರದ ನೆಲದ ಮೇಲೆ ನಮ್ಮದು ಏಳೋದೇ ಇಲ್ಲ," ಅಂದರು ಡಲ್ಸಿ.
ನಡುವೆ ನಾನು, ಬಟ್ಟೆ ಹಿಡಿದು.
ಕಿಟಕಿ ಕಡೆಯ ಅರ್ಧಕ್ಕೆ ಹಾಕಿದೆ.

ಕುಣಿತಕ್ಕೆ ನಿಮ್ಮಲ್ಲಿ ಏನಂತಾರೆ ಸಿಸ್ಟರ್?
"ಸೀವಾ."
ಮೂಲೆಯ ಕುರ್ಚಿಯಲ್ಲಿ ಅಪ್ಪ
ಅಭ್ಯಾಸಬಲದಿಂದ ಕೈಮುಗಿದ.

ಮೊದಲು ಮೇಡಂ. ಎಂಬತ್ತೊಂದು ವರ್ಷ, ಹಿಮ್ಮಡಿಯೆತ್ತಿದ ಬೂಟು.
ಎಡಗೈ ಗಾಳಿಯ ಹೆಗಲ ಮೇಲೆ,
ಬಲಗೈ ತೀರಿಹೋದ ಪರ್ಸಿಯ ಅಂಗೈಯಲ್ಲಿ,
ಬೆನ್ನು ಶಾಫ್ಟಿಗೆ ಇಳಿಬಿಟ್ಟ ಹಗ್ಗ.
ಒಂದು ಎರಡು ಮೂರು. ಒಂದು ಎರಡು ಮೂರು.
ಈ ನಾಚಿನಲ್ಲಿ ಕೈ ಮಾತಾಡುವುದಿಲ್ಲ, ಹಿಡಿದುಕೊಂಡಿರುತ್ತದೆ ಅಷ್ಟೇ.
ಹೇಳುವುದೆಲ್ಲ ಪಾದ, ಅದೂ ಸುತ್ತಿ ಸುತ್ತಿ.
ಆಗೆಲ್ಲ ಪಾತಾಳದಲ್ಲಿ ಬಂಡೆ ಸಿಡಿದರೆ
ರೆಕಾರ್ಡಿನ ಮುಳ್ಳು ಹಾರುತ್ತಿತ್ತಂತೆ.
ಎಣಿಕೆ ತಪ್ಪದವರು ಒಳ್ಳೆಯ ಮನೆತನದವರು.

ಸಿಸ್ಟರ್ ಮೊಣಕಾಲು ಮಡಿಸಿದರು.
ಪಾದ ಹಲಗೆ ಬಿಡಲಿಲ್ಲ, ಸುಮ್ಮನೆ ಮಿಸುಕಿತು,
ಬೆರಳುಗಳಿಂದ ಒಂದು ದೋಣಿ ಹೊರಟಿತು.
ಬಲೆ ಬಿತ್ತು. ಯಾರೋ ಹಣೆಯ ಮೇಲೆ ಕೈಯಿಟ್ಟು ಕಾದರು.
ಸೈನೇಡ್ ದಿಬ್ಬ ಬಿಟ್ಟರೆ ಅಲೆಯೆಂಬುದೇ ಇಲ್ಲದ ಊರಲ್ಲಿ
ನಾನು ಕಿಟಕಿ ಮುಚ್ಚಲು ಎದ್ದೆ, ನೀರು ಬರುತ್ತದೆಂದು.

ಆಮೇಲೆ ಟೀ. "ಹಡಗಿಂದ ಇಳಿದ ಪಾದ್ರಿಗಳು
ಇದು ಪಾಪ ಅಂದಿದ್ದರು ನನ್ನ ಮುತ್ತಜ್ಜಿಗೆ.
ಈಗ ಇಗರ್ಜಿಯಲ್ಲೇ ಆಡ್ತೀವಿ."
"ನಮಗೂ ಅಂದಿದ್ದರು," ಮೇಡಂ ಬಿಸ್ಕತ್ತು ಅದ್ದಿದರು,
"ಮನೆ ಹೆಣ್ಣುಮಕ್ಕಳು ತಬ್ಬಿಕೊಂಡು ತಿರುಗೋದಾ ಅಂತ!"
ನಮ್ಮ ಕಡೆಯೂ ಯಾರದೋ ಗೆಜ್ಜೆಯನ್ನು ಯಾರೋ ಬಿಚ್ಚಿಸಿದ್ದರು.
ನಾನು ಹೇಳಲಿಲ್ಲ. ಲೋಟ ತೊಳೆಯಬೇಕಿತ್ತು.

ಸಂಜೆಯಾಯಿತು. ಮನೆಗೆ ಹೊರಡಲು
ಅಪ್ಪ ಕುರ್ಚಿಯ ಕೈ ಹಿಡಿದು ಎದ್ದ,
ಎಂದಿನ ಹಾಗೆ, "ಸಿವಾ..."

"ಹೂಂ, ಸೀವಾ!" ಸಿಸ್ಟರ್ ಎಳೆದೇಬಿಟ್ಟರು.
ನಡುವಿನವಳು ಗಂಭೀರವಾಗಿರಬೇಕು,
ಸುತ್ತಲಿನವರು ಕೋಡಂಗಿಗಳ ಹಾಗೆ ಕುಪ್ಪಳಿಸಬೇಕು,
ಅವಳ ಚೆಂದ ಕಾಣೋದು ಆಗಲೇ. ಅದು ಅಲ್ಲಿಯ ಪದ್ಧತಿ.

ಮೂವತ್ತೊಂದು ವರ್ಷ ಈ ನೆಲವನ್ನು
ಮಂಡಿಯೂರಿ ಮಾತ್ರ ಕಂಡವನು ನಮ್ಮಪ್ಪ.
ಆ ಕಾಲು ನೆಟ್ಟಗಾಗಿದ್ದೇ ಇಲ್ಲ.
ನೆಟ್ಟಗಾಗಬೇಕಾಗಿಯೂ ಇರಲಿಲ್ಲ ಆ ಕುಣಿತಕ್ಕೆ.
ಕೈ ಏನು ಮಾಡಬೇಕು ಎಂದು ತಿಳಿಯದೆ
ಗೊತ್ತಿದ್ದನ್ನೇ ಮಾಡಿತು: ಗಾಳಿಯನ್ನು ತಿಕ್ಕಿತು,
ಗುಂಡಗೆ, ಮತ್ತೆ ಗುಂಡಗೆ, ಮೂಲೆ ಬಿಡದೆ.
ದೋಣಿ ಹೋಗುತ್ತಿದ್ದ ಬೆರಳುಗಳಲ್ಲಿ
ಈಗ ಮೇಣದ ಬಟ್ಟೆ. ಸಿಸ್ಟರ್ ಅವನನ್ನು ನೋಡಿ ಕಲಿಯುತ್ತಿದ್ದರು.

ಮೇಡಂ ಹೊಳೆಯುವ ಅರ್ಧದಲ್ಲಿ ನಿಂತು
ತುಂಬ ಹೊತ್ತು ನೋಡಿದರು.
"ಅಷ್ಟು ದಿನ ಹೀಗೆ ತಿಕ್ಕಿದ್ದಾ ಚೌಡಪ್ಪ?"
ಅಪ್ಪನಿಗೆ ಕೇಳಿಸಿತೋ ಇಲ್ಲವೋ.

ಬೆಳಿಗ್ಗೆ ಮಂಡಿಯವನು ಬಂದ.
ಅರ್ಧಕ್ಕೆ ಪಾಲಿಶಿಲ್ಲ, ಮೇಲೆ ಬೆವರು ಕಾಲಿನ ಗುರುತು ಅಂತ
ಚದರಕ್ಕೆ ಎಂಟು ರೂಪಾಯಿ ಇಳಿಸಿದ.